ನೀತಿ ಪಾಠಕ್ಕೆ ಟಿವಿ: ಎಲ್ಲಿ ನಿಲ್ಲಿಸಬೇಕು?

ಪ್ರಶ್ನೆ: ನಾನು ಗದಗ ಜಿಲ್ಲೆ ರೋಣ ತಾಲ್ಲೂಕಿನ ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆಯೊಂದರಲ್ಲಿ ಶಿಕ್ಷಕಿ. ನಾಲ್ಕು ಮತ್ತು ಐದನೇ ತರಗತಿ ಕೂಡಿಸಿ 38 ಮಕ್ಕಳು. ಹಳೆಯ ವಿದ್ಯಾರ್ಥಿಗಳು ಶಾಲೆಗೆ 43 ಇಂಚಿನ ಟಿವಿ ಕೊಡಿಸಿದ್ದಾರೆ. ಪ್ರತಿ ಶನಿವಾರ ಮೌಲ್ಯ ಶಿಕ್ಷಣದ ಅವಧಿಯಲ್ಲಿ ನೀತಿಕತೆಯ ವಿಡಿಯೊ ಹಾಕುತ್ತೇನೆ. ಮಕ್ಕಳು ಕಣ್ಣು ಮಿಟುಕಿಸದೆ ನೋಡುತ್ತಾರೆ. ಮುಗಿದ ಮೇಲೆ ‘ಏನು ಕಲಿತಿರಿ?’ ಅಂದರೆ ‘ತುಡುಗು ಮಾಡಬಾರದ್ರಿ ಟೀಚರ್’ ಎಂದು ಎಲ್ಲರೂ ಕೂಡಿ ಕೂಗುತ್ತಾರೆ. ಸೋಮವಾರ ಮತ್ತೆ ಯಾರದೋ ಕಂಪಾಸ್ ಪೆಟ್ಟಿಗೆ ಮಾಯ. ಈಚೆಗೆ ಕಳವಿನ ಕತೆ ತೋರಿಸಿದಾಗ ಎಲ್ಲರೂ ಒಬ್ಬ ಹುಡುಗನ ಕಡೆ ತಿರುಗಿ ನಕ್ಕರು. ಅವನು ಎರಡು ದಿನ ಶಾಲೆಗೇ ಬರಲಿಲ್ಲ. ಪಾಲಕರು ಬೇರೆ ‘ಮನ್ಯಾಗೂ ಟಿವಿ, ಸಾಲ್ಯಾಗೂ ಟಿವಿ ಏನ್ರೀ?’ ಅನ್ನುತ್ತಿದ್ದಾರೆ. ಟಿವಿ ಬಿಟ್ಟುಬಿಡಲೇ? ಮುಂದುವರಿಸುವುದಾದರೆ ಎಂಥದ್ದು, ಎಷ್ಟು ಹೊತ್ತು, ಹೇಗೆ? ಫಲ ಸಿಕ್ಕಿದೆಯೋ ಇಲ್ಲವೋ ಎಂದು ತಿಳಿಯುವುದು ಹೇಗೆ?

ಉತ್ತರ: ಟಿವಿ ಬಿಡಬೇಕಾಗಿಲ್ಲ. ಆದರೆ ಇಡೀ ಕತೆ ಹಾಕಿ ಕೊನೆಗೆ ನೀತಿ ಕೇಳುವ ಪದ್ಧತಿಯನ್ನು ಬಿಡಬೇಕು. ಕತೆಯನ್ನು ನಟ್ಟನಡುವೆ ನಿಲ್ಲಿಸಿ ಮಾತು ಶುರು ಮಾಡಬೇಕು. ಅದಕ್ಕೂ ಮೊದಲು ಆ ಹುಡುಗನ ವಿಷಯ, ಯಾಕೆಂದರೆ ಅದು ಮುಂದಿನ ಶನಿವಾರದವರೆಗೆ ಕಾಯುವಂಥದ್ದಲ್ಲ.

ತರಗತಿಯಲ್ಲಿ ಏನಾದರೂ ಕಳವಾದ ವಾರವೇ ಕಳವಿನ ವಿಡಿಯೊ ತೋರಿಸಿದರೆ ಅದು ಪಾಠವಾಗಿ ಉಳಿಯುವುದಿಲ್ಲ, ಪಂಚಾಯ್ತಿಯಾಗುತ್ತದೆ. ಮಕ್ಕಳ ಕಣ್ಣು ಪರದೆಯ ಮೇಲಿದ್ದರೂ ಮನಸ್ಸು ‘ಯಾರು’ ಎನ್ನುವುದರ ಮೇಲಿರುತ್ತದೆ. ಆ ಹುಡುಗನ ಮನೆಗೆ ಒಮ್ಮೆ ಹೋಗಿ ಬನ್ನಿ. ಕಳವಿನ ಮಾತು ಎತ್ತಬೇಡಿ, ‘ನೀ ಇಲ್ಲದ್ದು ನಮಗ ಗೊತ್ತಾತಪ್ಪ, ನಾಳೆ ಬಾ’ ಎಂದರೆ ಸಾಕು. ಎಲ್ಲರ ಮುಂದೆ ಮಕ್ಕಳಿಂದ ಕ್ಷಮೆ ಕೇಳಿಸುವುದು ಬೇಡ, ಅದರಿಂದ ಇನ್ನೊಮ್ಮೆ ಅವನ ಮೇಲೆಯೇ ಬೆಳಕು ಬೀಳುತ್ತದೆ. ಒಳ್ಳೆಯ ಮನಸ್ಸಿನಿಂದ ಅವನನ್ನೇ ತರಗತಿಯ ಸಾಮಾನು ಕಾಯುವವನನ್ನಾಗಿ ಮಾಡುವ ಶಿಕ್ಷಕರಿದ್ದಾರೆ. ಅದೂ ಬೇಡ, ಮಕ್ಕಳು ಅದರ ಅರ್ಥ ಕೂಡಲೇ ಹಿಡಿಯುತ್ತಾರೆ. ಕಳವಿನ ವಿಷಯವನ್ನು ಕನಿಷ್ಠ ಒಂದು ತಿಂಗಳು ಪರದೆಯಿಂದ ದೂರ ಇಡಿ. ಆಟದಲ್ಲಿ ಸೋತಾಗ ಏನು ಮಾಡುವುದು, ಹೊಸದಾಗಿ ಸೇರಿದ ಮಗು ಒಂದೇ ಕೂತಿದ್ದರೆ ಏನು ಮಾಡುವುದು, ಇಂಥವುಗಳಿಂದ ಶುರು ಮಾಡಿ.

ಇನ್ನು ಪಾಲಕರ ಮಾತು. ‘ಟಿವಿ ನೋಡಿದರೆ ಮಕ್ಕಳು ಕೆಡುತ್ತಾರೆ’ ಎನ್ನುವವರೂ ‘ಒಳ್ಳೆಯ ಕತೆ ತೋರಿಸಿದರೆ ಒಳ್ಳೆಯವರಾಗುತ್ತಾರೆ’ ಎನ್ನುವವರೂ ಒಂದೇ ನಂಬಿಕೆಯ ಮೇಲೆ ನಿಂತಿದ್ದಾರೆ: ಪರದೆಯ ಮೇಲಿದ್ದದ್ದು ನೇರವಾಗಿ ಮಗುವಿನೊಳಗೆ ಇಳಿಯುತ್ತದೆ ಎಂಬುದು. ಅದು ಹಾಗೆ ಇಳಿಯುವುದಿಲ್ಲ. ಅಂದಹಾಗೆ, ಶಾಲೆಯಲ್ಲಿ ಟಿವಿ ನಿಮ್ಮ ಭಾಗಕ್ಕೆ ಹೊಸ ಸಂಗತಿಯೂ ಅಲ್ಲ. 1975ರ ಆಗಸ್ಟ್‌ನಿಂದ 1976ರ ಜುಲೈವರೆಗೆ ನಡೆದ ಸೈಟ್ ಎಂಬ ಉಪಗ್ರಹ ಟಿವಿ ಪ್ರಯೋಗದಲ್ಲಿ ಆರು ರಾಜ್ಯಗಳ ಸುಮಾರು 2,400 ಹಳ್ಳಿಗಳಿಗೆ ಟಿವಿ ಬಂತು. ಬೆಳಿಗ್ಗೆ ಶಾಲಾ ಮಕ್ಕಳಿಗೆ, ಸಂಜೆ ಊರವರಿಗೆ ಕಾರ್ಯಕ್ರಮ. ಕರ್ನಾಟಕದಲ್ಲಿ ಅದಕ್ಕೆ ಆಯ್ದದ್ದು ಆಗಿನ ವಿಜಾಪುರ, ಗುಲ್ಬರ್ಗಾ, ರಾಯಚೂರು ಜಿಲ್ಲೆಗಳ ಹಳ್ಳಿಗಳನ್ನು, ಅಂದರೆ ರೋಣದ ಗಡಿಯಾಚೆಯ ಸೀಮೆಯನ್ನು. ಕೋವಿಡ್ ಕಾಲದಲ್ಲಂತೂ ಚಂದನ ವಾಹಿನಿಯ ‘ಸಂವೇದ’ ಪಾಠಗಳಿಗಾಗಿ ಪಾಲಕರೇ ಟಿವಿ ಹಚ್ಚಿ ಮಕ್ಕಳನ್ನು ಕೂಡಿಸಿದ್ದಾರೆ. ಎಸ್‌ಡಿಎಂಸಿ (ಶಾಲಾಭಿವೃದ್ಧಿ ಸಮಿತಿ) ಸಭೆಯಲ್ಲಿ ವಾದ ಮಾಡುವ ಬದಲು ಲೆಕ್ಕ ಹೇಳಿ: 40 ನಿಮಿಷದ ಅವಧಿಯಲ್ಲಿ ಟಿವಿ ಓಡುವುದು ಆರೇ ನಿಮಿಷ, ಉಳಿದದ್ದು ಮಾತು ಮತ್ತು ಆಟ. ಒಂದು ಶನಿವಾರ ಇಬ್ಬರು ಪಾಲಕರನ್ನು ಕರೆದು ಹಿಂದೆ ಕೂಡಿಸಿದರೆ ಮಾತೇ ಬೇಕಾಗುವುದಿಲ್ಲ.

ಮಕ್ಕಳು ಕಣ್ಣು ಮಿಟುಕಿಸದೆ ನೋಡುತ್ತಾರೆ ಎಂದಿದ್ದೀರಿ. ಅದು ಪರದೆಯ ಗುಣ, ಕಲಿಕೆಯ ಗುರುತಲ್ಲ. ‘ತುಡುಗು ಮಾಡಬಾರದ್ರಿ’ ಎಂಬ ಉತ್ತರವೂ ಅಷ್ಟೆ. ಟೀಚರಿಗೆ ಯಾವ ಉತ್ತರ ಬೇಕು ಎಂಬುದನ್ನು ಒಂಬತ್ತು ವರ್ಷದ ಮಗು ಚೆನ್ನಾಗಿ ಬಲ್ಲದು. ಅದು ಕತೆಯಿಂದ ಬಂದ ಉತ್ತರವಲ್ಲ, ನಿಮ್ಮ ಮುಖ ನೋಡಿ ಬಂದದ್ದು.

ನೀತಿಕತೆಯ ವಿಡಿಯೊ ಯಾಕೆ ಕೈಕೊಡುತ್ತದೆ ಎಂಬುದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ, ಯಾಕೆಂದರೆ ವಿಡಿಯೊ ಆರಿಸುವಾಗ ಇದೇ ನಿಮಗೆ ಜರಡಿ. ಹತ್ತು ನಿಮಿಷದ ಒಂದು ಕತೆಯನ್ನು ಗಡಿಯಾರ ಹಿಡಿದು ನೋಡಿ. ಎಂಟು ನಿಮಿಷ ಜಗಳ, ಮೋಸ, ಅಣಕ. ಕೊನೆಯ ಒಂದೂವರೆ ನಿಮಿಷದಲ್ಲಿ ಪಶ್ಚಾತ್ತಾಪ, ಅಪ್ಪುಗೆ, ಹಾಡು. ರಸವತ್ತಾಗಿರುವುದು ಜಗಳವೇ, ಮಗು ನೆನಪಿಟ್ಟುಕೊಳ್ಳುವುದೂ ಅದನ್ನೇ. ಅಣಕದ ಹೊಸ ಹೆಸರೊಂದು ಸೋಮವಾರ ಮೈದಾನದಲ್ಲಿ ಕೇಳಿಸಿದರೆ ಅದು ಶನಿವಾರದ ಕತೆಯಿಂದಲೇ ಬಂದಿರುತ್ತದೆ.

ಎರಡನೆಯದು, ಚಿಕ್ಕ ಮಕ್ಕಳು ಕತೆಯನ್ನು ಅಕ್ಷರಶಃ ತೆಗೆದುಕೊಳ್ಳುತ್ತಾರೆ. ಅಮೆರಿಕದಲ್ಲಿ 2008ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ಶಿಶುವಿಹಾರದ ಮಕ್ಕಳಿಗೆ ಮೂರು ಕಾಲಿನ ನಾಯಿಯ ಕತೆ ತೋರಿಸಿದರು. ಬೇರೆಯವರಂತೆ ಇಲ್ಲದವರನ್ನೂ ಸೇರಿಸಿಕೊಳ್ಳಬೇಕು ಎಂಬುದು ಕತೆಯ ಆಶಯ. ಹೆಚ್ಚಿನ ಮಕ್ಕಳಿಗೆ ಅದು ಮುಟ್ಟಲಿಲ್ಲ. ಅವರ ಪಾಲಿಗೆ ಪಾಠವಿದ್ದದ್ದು ಮೂರು ಕಾಲಿನ ನಾಯಿಯ ಬಗ್ಗೆ ಮಾತ್ರ, ಮನುಷ್ಯರ ಬಗ್ಗೆ ಅಲ್ಲ. ಪ್ರಾಣಿಗಳ ಕತೆಗೆ ಇದೇ ತೊಡಕು. ಟೊರಾಂಟೊದ ಸಂಶೋಧಕರು ಹಂಚಿಕೊಳ್ಳುವ ಒಂದೇ ಕತೆಯನ್ನು ಮನುಷ್ಯರ ಚಿತ್ರ ಹಾಕಿ ಒಂದು ಗುಂಪಿಗೆ, ಪ್ರಾಣಿಗಳ ಚಿತ್ರ ಹಾಕಿ ಇನ್ನೊಂದು ಗುಂಪಿಗೆ ಓದಿದಾಗ, ಮನುಷ್ಯರ ಕತೆ ಕೇಳಿದ ಮಕ್ಕಳು ತಮ್ಮ ಸ್ಟಿಕ್ಕರುಗಳನ್ನು ಹೆಚ್ಚು ಹಂಚಿದರು. ಪ್ರಾಣಿ ಕತೆಯಿಂದ ಆ ಲಾಭ ಕಾಣಲಿಲ್ಲ. ಅವು ನಾಲ್ಕರಿಂದ ಆರು ವರ್ಷದ ಮಕ್ಕಳು. ನಿಮ್ಮವು ಒಂಬತ್ತು-ಹತ್ತರವು, ಇನ್ನಷ್ಟು ಹಿಡಿಯಬಲ್ಲವು. ಆದರೂ ಆಯ್ಕೆ ಇದ್ದಾಗ ನರಿ-ಕಾಗೆಗಿಂತ ಚೀಲ ಹೊತ್ತು ಶಾಲೆಗೆ ಹೋಗುವ ಹುಡುಗಿಯ ಕತೆಯನ್ನೇ ಆರಿಸಿ.

ಮೂರನೆಯದು ಹೆದರಿಕೆ. ಸುಳ್ಳು ಹೇಳಿದವನಿಗೆ ಕೊನೆಗೆ ಘೋರ ಶಿಕ್ಷೆ ಆಗುವ ಕತೆ ನಮ್ಮಲ್ಲಿ ಬಹಳ. ಕೆನಡಾದ ಸಂಶೋಧಕರು 2014ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಮೂರರಿಂದ ಏಳು ವರ್ಷದ ಮಕ್ಕಳಿಗೆ ಇಂಥ ಕತೆ ಹೇಳಿ, ಅವರು ನಿಜ ಹೇಳುತ್ತಾರೋ ಎಂದು ಪರೀಕ್ಷಿಸಿದರು. ಶಿಕ್ಷೆಯ ಕತೆಗಳಿಂದ ವ್ಯತ್ಯಾಸ ಆಗಲಿಲ್ಲ. ತಪ್ಪು ಮಾಡಿದವನು ನಿಜ ಒಪ್ಪಿಕೊಂಡಾಗ ದೊಡ್ಡವರು ಮೆಚ್ಚಿದ ಕತೆಯಿಂದ ಆಯಿತು. ಅದೇ ಕತೆಯ ಕೊನೆಯನ್ನು ಬದಲಿಸಿ ಮೆಚ್ಚುಗೆ ತೆಗೆದಾಗ ಆ ಪರಿಣಾಮವೂ ಹೋಯಿತು. ಶಿಕ್ಷೆಯ ಕತೆಯಿಂದ ಮಗು ಕಲಿಯುವುದು ಸಿಕ್ಕಿಬೀಳಬಾರದು ಎಂಬುದನ್ನು.

ಹಾಗಾದರೆ ಟಿವಿಯಿಂದ ಏನಾದರೂ ಆಗುತ್ತದೆಯೇ? ಆಗುತ್ತದೆ, ಜೊತೆಗೆ ಮಾತಿದ್ದರೆ. 2016ರ ಇನ್ನೊಂದು ಅಮೆರಿಕನ್ ಅಧ್ಯಯನದಲ್ಲಿ ಎರಡರಿಂದ ಆರು ವರ್ಷದ ಮಕ್ಕಳು ಎರಡು ವಾರ ಭಾವನೆಗಳನ್ನು ಕಲಿಸುವ ಸರಣಿಯೊಂದನ್ನು ನೋಡಿದರು. ನೋಡಿದ್ದನ್ನು ಕುರಿತು ಮನೆಯಲ್ಲಿ ಆಗಾಗ ಮಾತಾಡುತ್ತಿದ್ದ ಮಕ್ಕಳಲ್ಲಿ ಮಾತ್ರ ಇನ್ನೊಬ್ಬರ ನೋವು ತಿಳಿಯುವ ಗುಣ ಹೆಚ್ಚಾಗಿ ಕಂಡಿತು. ನಿಮ್ಮ ಶನಿವಾರದ ಅವಧಿಯಲ್ಲಿ ಈ ಮಾತಿಗೇ ಜಾಗ ಇಲ್ಲ.

ಈಗ ಅವಧಿಯನ್ನು ಹೇಗೆ ನಡೆಸುವುದು ನೋಡಿ. ಆರು ನಿಮಿಷ ಮೀರದ ಒಂದು ತುಣುಕು ಬೇಕು. ಉದಾಹರಣೆಗೆ ಇಂಥ ಕತೆ: ಹುಡುಗಿಯೊಬ್ಬಳಿಗೆ ಮೈದಾನದಲ್ಲಿ ಐವತ್ತು ರೂಪಾಯಿ ನೋಟು ಸಿಗುತ್ತದೆ, ಆಚೆ ಅವಳ ಗೆಳತಿ ಏನನ್ನೋ ಹುಡುಕುತ್ತಿದ್ದಾಳೆ. (ನಿಮ್ಮಲ್ಲಿ ಮೊದಲ ತಿಂಗಳಿಗೆ ಇದು ಬೇಡ, ಉದಾಹರಣೆಗೆ ಮಾತ್ರ.) ಹಿಂದಿನ ದಿನ ನೀವೊಬ್ಬರೇ ಎರಡು ಸಲ ನೋಡಿ, ಹುಡುಗಿ ನಿರ್ಧಾರ ಮಾಡುವ ಮುಂಚಿನ ಕ್ಷಣವನ್ನು ಗುರುತಿಸಿ ನಿಮಿಷ-ಸೆಕೆಂಡು ಬರೆದುಕೊಳ್ಳಿ. ಅದೇ ನಿಲ್ಲಿಸುವ ಜಾಗ. ನಿರ್ಧಾರ ಆದ ಮೇಲೆ ನಿಲ್ಲಿಸಿದರೆ ಕೇಳಲಿಕ್ಕೆ ಏನೂ ಉಳಿದಿರುವುದಿಲ್ಲ.

ಅವಧಿಯ ಮೊದಲ ನಾಲ್ಕೈದು ನಿಮಿಷ ಟಿವಿ ಹಚ್ಚಬೇಡಿ. ಕತೆಯಲ್ಲಿ ಯಾರಿದ್ದಾರೆ, ಎಲ್ಲಿ ನಡೆಯುತ್ತದೆ ಎಂದು ಹೇಳಿ. ಹೆಚ್ಚಿನ ವಿಡಿಯೊಗಳ ಭಾಷೆ ಬೆಂಗಳೂರು-ಮೈಸೂರು ಕಡೆಯದು, ಕೆಲವು ಡಬ್ ಆದವು. ಮಕ್ಕಳಿಗೆ ತೊಡಕಾಗುವ ಎರಡು-ಮೂರು ಮಾತುಗಳನ್ನು ನಿಮ್ಮ ಊರಿನ ಮಾತಿನಲ್ಲಿ ಮೊದಲೇ ಹೇಳಿಬಿಡಿ. ಆಮೇಲೆ ಹಚ್ಚಿ, ಗುರುತು ಮಾಡಿದಲ್ಲಿ ನಿಲ್ಲಿಸಿ. ರಿಮೋಟು ನಿಮ್ಮ ಕೈಯಲ್ಲೇ ಇರಲಿ.

‘ನೀವು ಇದ್ದರ ಏನ್ ಮಾಡ್ತಿದ್ದಿರಿ?’ ಎಂದು ಮಾತ್ರ ಕೇಳಬೇಡಿ. ಅದಕ್ಕೆ ಬರುವುದು ಪುಸ್ತಕದ ಉತ್ತರ. ‘ಆಕಿ ಈಗ ಏನ್ ಮಾಡ್ತಾಳ ಅನ್ನಸ್ತೈತಿ?’ ಎಂದು ಕೇಳಿ. ಬೇರೆಯವಳ ಬಗ್ಗೆ ಊಹಿಸುವಾಗ ಮಗು ತನ್ನ ಮನಸ್ಸಿನದನ್ನು ಹೇಳುತ್ತದೆ. ‘ಬಚ್ಚಿಟ್ಟು ಸಂಜೀಕ ಗಿರಮಿಟ್ಟು ತಿಂತಾಳ್ರಿ’ ಎಂದು ಯಾರೋ ಹೇಳುತ್ತಾರೆ, ಎಲ್ಲರೂ ನಗುತ್ತಾರೆ. ಇಡೀ ಅವಧಿಯಲ್ಲಿ ಬೆಲೆಯುಳ್ಳ ಉತ್ತರ ಅದೇ. ಆ ಮಗುವನ್ನು ಬೈದಿರೋ, ಮುಂದೆ ಯಾರೂ ನಿಜ ಹೇಳುವುದಿಲ್ಲ. ‘ಹೌದು, ಹಂಗೂ ಮಾಡಬಹುದು. ಯಾಕ?’ ಎಂದು ಮುಂದೆ ಹೋಗಿ. ನಂತರ ‘ಹಂಗಾದ್ರ ಗೆಳತಿ ಮನಿಗೆ ಹೋಗಿ ಏನ್ ಹೇಳ್ತಾಳ?’ ಎಂದು ಕೇಳಿ. ಕೈ ಎತ್ತುವ ನಾಲ್ಕೇ ಮಕ್ಕಳು ಮಾತಾಡಿ ಮುಗಿಸದಂತೆ, ಮೊದಲು ಇಬ್ಬಿಬ್ಬರು ಎರಡು ನಿಮಿಷ ಪಿಸುಗುಡಲಿ. ಈ ಮಾತಿಗೆ ಒಟ್ಟು ಹತ್ತು-ಹನ್ನೆರಡು ನಿಮಿಷ ಕೊಡಿ.

ಉಳಿದ ಕತೆ ತೋರಿಸಿ. ‘ನೀತಿ ಏನು?’ ಎಂದು ಕೇಳದೆ, ‘ನಾವು ಅಂದದ್ದಕ್ಕೂ ಇದಕ್ಕೂ ಏನು ಫರಕು?’ ಎಂದು ಕೇಳಿ. ಇನ್ನೊಂದು ಎಂಟು ನಿಮಿಷ ಅದನ್ನೇ ಆಡಿಸಿ, ಆದರೆ ಜಾಗ ಬದಲಿಸಿ: ನೋಟಿನ ಬದಲು ಕ್ರಿಕೆಟ್ ಚೆಂಡು, ಮೈದಾನದ ಬದಲು ಜಾತ್ರೆ ಅಥವಾ ಬಸ್ ನಿಲ್ದಾಣ. ಕತೆಯ ಅರ್ಥ ಮೂರು ಕಾಲಿನ ನಾಯಿಯಲ್ಲೇ ಸಿಕ್ಕಿಕೊಳ್ಳದಿರುವುದು ಹೀಗೆ ಜಾಗ ಬದಲಿಸಿದಾಗ. ಪಾತ್ರಗಳನ್ನು ಸರದಿಯಲ್ಲಿ ಬದಲಿಸುತ್ತ ಹೋಗಿ. ತಪ್ಪು ಮಾಡುವ ಪಾತ್ರವನ್ನು ಒಂದೇ ಮಗುವಿಗೆ ಕೊಟ್ಟರೆ ಅದೇ ಅಡ್ಡಹೆಸರಾಗುತ್ತದೆ. ಮಕ್ಕಳ ಅನುಮಾನ ಯಾರ ಮೇಲಿದೆಯೋ ಆ ಮಗುವಿಗೆ ಆ ಪಾತ್ರ ಎಂದೂ ಬೇಡ.

ಒಂದು ಗುಣಕ್ಕೆ ಮೂರು ಶನಿವಾರ ಇಟ್ಟುಕೊಳ್ಳಿ. ಮೊದಲ ವಾರ ಮೇಲೆ ಹೇಳಿದಂತೆ. ಎರಡನೇ ವಾರ ಅದೇ ತುಣುಕು ಮತ್ತೊಮ್ಮೆ, ಈ ಸಲ ಗೆಳತಿಯ ಮುಖವನ್ನಷ್ಟೇ ಗಮನಿಸಿ ಎಂದು ಹೇಳಿ. ಮಕ್ಕಳಿಗೆ ಬೇಸರ ಬರುತ್ತದೆಂದು ಹೆದರಬೇಡಿ, ಮುಂದೇನೆಂದು ಗೊತ್ತಿರುವಾಗಲೇ ಅವರು ಮುಖ, ದನಿ ಗಮನಿಸುವುದು. ಮೂರನೇ ವಾರ ಟಿವಿಯೇ ಇಲ್ಲ, ಆ ಗುಣ ನಿಮ್ಮ ಶಾಲೆಯಲ್ಲಿ ಎಲ್ಲಿ ಕಂಡಿತು ಎಂಬ ಮಾತು ಮಾತ್ರ. ಹೀಗಾದರೆ ಇಡೀ ವರ್ಷಕ್ಕೆ ಹನ್ನೆರಡು ಒಳ್ಳೆಯ ತುಣುಕು ಸಾಕು.

ತುಣುಕು ಎಲ್ಲಿಂದ ತರುವುದು? ಡಿಡಿ ಫ್ರೀ ಡಿಶ್‌ನಲ್ಲಿ ಚಂದನವೂ ಕೇಂದ್ರ ಸರ್ಕಾರದ ಪಿಎಂ ಇ-ವಿದ್ಯಾ ಪಾಠದ ವಾಹಿನಿಗಳೂ ತಿಂಗಳ ಬಾಡಿಗೆ ಇಲ್ಲದೆ ಸಿಗುತ್ತವೆ. ಆದರೆ ನೇರ ಪ್ರಸಾರ ನಿಮ್ಮ ವೇಳಾಪಟ್ಟಿಗೆ ಕಾಯುವುದಿಲ್ಲ, ಬೇಕಾದಲ್ಲಿ ನಿಲ್ಲಿಸಲೂ ಬರುವುದಿಲ್ಲ. ನಮ್ಮ ಪದ್ಧತಿಗೆ ಅದು ಒಗ್ಗದು. ಯೂಟ್ಯೂಬನ್ನು ತರಗತಿಯಲ್ಲೇ ತೆರೆದರೆ ನಡುವೆ ಜಾಹೀರಾತು ನುಗ್ಗುತ್ತದೆ, ಕತೆ ಮುಗಿದ ಮರುಕ್ಷಣ ಇನ್ನೇನೋ ತಾನಾಗಿ ಶುರುವಾಗುತ್ತದೆ, ನೆಟ್ ಕೈಕೊಟ್ಟರೆ ಮೂವತ್ತೆಂಟು ಮಕ್ಕಳ ಮುಂದೆ ತಿರುಗುವ ಚಕ್ರ. ನನ್ನ ಮತ ಶಾಲಾ ಪಾಠಗಳ ಸರ್ಕಾರಿ ದೀಕ್ಷಾ ಆ್ಯಪಿಗೆ. ಅದರಲ್ಲಿ ಮೊದಲೇ ಇಳಿಸಿಕೊಂಡು ನೆಟ್ ಇಲ್ಲದೆ ತೋರಿಸಬಹುದು. ಕಷ್ಟ ಒಂದೇ, ಹತ್ತು ನೋಡಿದರೆ ಒಂದೋ ಎರಡೋ ಒಗ್ಗುತ್ತವೆ, ಆ ಹೊತ್ತು ನಿಮ್ಮದೇ ಹೋಗುತ್ತದೆ. ತರಗತಿಯಲ್ಲಿ ಪಾಠದ ಭಾಗವಾಗಿ ಮಕ್ಕಳಿಗೆ ತೋರಿಸಲು 1957ರ ಹಕ್ಕುಸ್ವಾಮ್ಯ ಕಾಯ್ದೆಯ 52ನೇ ಕಲಮು ಅವಕಾಶ ಕೊಡುತ್ತದೆ. ಅದನ್ನೇ ವಾಟ್ಸ್ಯಾಪ್ ಗುಂಪುಗಳಿಗೆ ಹಂಚುವುದು ಬೇರೆ ವಿಷಯ.

ಆರಿಸುವಾಗ ಇನ್ನೊಂದನ್ನು ಗಮನಿಸಿ: ಕತೆಯಲ್ಲಿ ಕದಿಯುವವನು ಯಾರು? ಬಹಳ ವಿಡಿಯೊಗಳಲ್ಲಿ ಅವನು ಕಪ್ಪಗಿರುತ್ತಾನೆ, ಹರಿದ ಅಂಗಿ ಹಾಕಿರುತ್ತಾನೆ, ಮನೆಗೆಲಸದವಳ ಮಗನಾಗಿರುತ್ತಾನೆ. ಅಂಥದ್ದನ್ನು ಎಷ್ಟೇ ಒಳ್ಳೆಯ ನೀತಿ ಇದ್ದರೂ ಬಿಟ್ಟುಬಿಡಿ. ನಿಮ್ಮ ತರಗತಿಯಲ್ಲಿ ಹರಿದ ಅಂಗಿಯ ಮಗು ಕೂತಿರುತ್ತದೆ.

ಏಳನೇ ತರಗತಿಯವರಿಂದ ಎರಡು ನಿಮಿಷದ ತುಣುಕುಗಳನ್ನು ಮೊಬೈಲಿನಲ್ಲಿ ಮಾಡಿಸುವುದೂ ಒಂದು ದಾರಿ. ನಿಮ್ಮದೇ ಊರು, ನಿಮ್ಮದೇ ಮಾತು, ಮನುಷ್ಯರೇ ಪಾತ್ರ, ಮಕ್ಕಳು ಜಿಗಿದು ನೋಡುತ್ತಾರೆ. ಅಪಾಯ ಇರುವುದು ಅದು ಯಾರದೋ ಸ್ಟೇಟಸ್ಸಿನಲ್ಲಿ ಊರೆಲ್ಲ ಓಡಾಡಿದಾಗ. ಪಾಲಕರ ಒಪ್ಪಿಗೆಯನ್ನು ಬರಹದಲ್ಲಿ ತೆಗೆದುಕೊಳ್ಳಿ, ಪೆನ್ ಡ್ರೈವ್ ಮುಖ್ಯ ಶಿಕ್ಷಕರ ಕಪಾಟಿನಲ್ಲಿರಲಿ, ಮೊಬೈಲಿನಿಂದ ಅಳಿಸಿ.

ಟಿವಿ ಇಟ್ಟ ಜಾಗವೂ ಪಾಠ ಕೆಡಿಸಬಲ್ಲದು. ಕಳವಿನ ಭಯಕ್ಕೆ ಆಳೆತ್ತರದ ಮೇಲೆ ಗೋಡೆಗೆ ಹಾಕಿದ್ದರೆ ಮುಂದೆ ಕೂತವರ ಕತ್ತು ಐದೇ ನಿಮಿಷದಲ್ಲಿ ಸೋಲುತ್ತದೆ, ಗದ್ದಲ ಶುರು. ನೆಲದ ಮೇಲೆ ಕೂಡುವ ಮಕ್ಕಳಿಗೆ ಪರದೆಯ ಕೆಳ ಅಂಚು ನೆಲದಿಂದ 90 ಸೆಂಟಿಮೀಟರ್‌ನಿಂದ ಒಂದು ಮೀಟರ್ ಎತ್ತರದಲ್ಲಿದ್ದರೆ ಸರಿ. 43 ಇಂಚಿನ ಪರದೆಯ ಎತ್ತರ ಸುಮಾರು 53 ಸೆಂಟಿಮೀಟರ್. ಅದರ ಎಂಟು ಪಟ್ಟು, ಅಂದರೆ 4.2 ಮೀಟರ್ ಆಚೆ ಕೂತವರಿಗೆ ಮುಖದ ಭಾವ ಕಾಣದು, ನಮಗೆ ಬೇಕಾದದ್ದೇ ಆ ಭಾವ. ಮೊದಲ ಸಾಲು ಒಂದೂವರೆ ಮೀಟರ್ ದೂರದಲ್ಲಿ, ಸಾಲಿಗೂ ಸಾಲಿಗೂ 60 ಸೆಂಟಿಮೀಟರ್ ಬಿಟ್ಟು, 5, 7, 8, 9, 9 ಎಂದು ಐದು ಸಾಲು ಕೂಡಿಸಿದರೆ 38 ಮಕ್ಕಳೂ ಆ ಅಳತೆಯೊಳಗೆ ಬರುತ್ತಾರೆ. ಮುಂದೆ ಕಡಿಮೆ ಯಾಕೆಂದರೆ ಹತ್ತಿರದಲ್ಲಿ ಅಂಚಿಗೆ ಕೂತವರಿಗೆ ಚಿತ್ರ ಓರೆಯಾಗಿ ಕಾಣುತ್ತದೆ. ಕಿಟಕಿ ಪರದೆಯ ಎದುರಿಗಿದ್ದರೆ ಹಳೆಯ ಚಾದರ ಕಟ್ಟಿ, ಆದರೆ ಕೋಣೆ ಪೂರ್ತಿ ಕತ್ತಲಾಗಬಾರದು. ಕತ್ತಲಾದರೆ ಮಕ್ಕಳಿಗೆ ಅದು ಸಿನೆಮಾ, ನಿಮಗೆ ಅವರ ಮುಖ ಕಾಣದು.

ದನಿ ಇನ್ನೂ ದೊಡ್ಡ ಸಮಸ್ಯೆ. ಈಗಿನ ಟಿವಿಗಳ ಸ್ಪೀಕರು ಕೆಳಗೋ ಹಿಂದೋ ಮುಖ ಮಾಡಿರುತ್ತದೆ, ತಗಡಿನ ಮಾಡಿನ ಕೋಣೆಯಲ್ಲಿ ಮಾತು ಕಲಸಿಹೋಗುತ್ತದೆ. ಚಿಕ್ಕ ಸ್ಪೀಕರೊಂದನ್ನು ಟಿವಿಯ ಕೆಳಗೆ, ಮಕ್ಕಳ ಕಿವಿಯ ಮಟ್ಟಕ್ಕೆ ಇಡಿ. ಒಂದು ವಾಕ್ಯ ಕೇಳಿಸಿ ಕೊನೆಯ ಸಾಲಿನ ಮಗುವಿನಿಂದ ಹೇಳಿಸಿ ನೋಡಿ, ಅದೇ ಪರೀಕ್ಷೆ. ಹೆಸ್ಕಾಂ ಕರೆಂಟು ಶನಿವಾರ ಬೆಳಿಗ್ಗೆಯೇ ಹೋಗುವುದುಂಟು. ಈ ಅಳತೆಯ ಎಲ್‌ಇಡಿ ಟಿವಿ ಎಳೆಯುವುದು ಸುಮಾರು 100 ವ್ಯಾಟಿನೊಳಗೆ, ಕಂಪ್ಯೂಟರಿನ ಇನ್ವರ್ಟರ್ ಇದ್ದರೆ ಒಂದು ಅವಧಿಗೆ ಧಾರಾಳ. ಪೆನ್ ಡ್ರೈವಿಗೆ ಎಂಪಿ4 ಕಡತಗಳನ್ನೇ ಹಾಕಿ, ಅದೇ ಟಿವಿಯಲ್ಲಿ ಹಿಂದಿನ ದಿನ ಓಡಿಸಿ ನೋಡಿ. ಕೆಲವು ಕಡತಗಳಲ್ಲಿ ಚಿತ್ರ ಬಂದು ದನಿ ಬರುವುದಿಲ್ಲ, ಅದು ಗೊತ್ತಾಗುವುದು ಮಕ್ಕಳು ಕೂತ ಮೇಲೆ ಆಗಬಾರದು.

ಕಂಪಾಸ್ ಪೆಟ್ಟಿಗೆಯ ಪ್ರಶ್ನೆಗೆ ಬರೋಣ. ಈ ವಯಸ್ಸಿನಲ್ಲಿ ವಸ್ತು ಕಾಣೆಯಾಗುವುದರ ಹಿಂದೆ ಹಲವು ಸಲ ಇರುವುದು ಇಲ್ಲದಿರುವಿಕೆ. ಗಣಿತದ ಅವಧಿಗೆ ಕೈವಾರ ಬೇಕು, ಮನೆಯಲ್ಲಿ ಕೊಡಿಸಿಲ್ಲ, ತರದಿದ್ದರೆ ಬೈಗುಳ. ಇದನ್ನು ಯಾವ ವಿಡಿಯೊವೂ ನೀಗಿಸದು. ಐದು ಪೆನ್ಸಿಲ್, ಮೂರು ರಬ್ಬರ್, ಎರಡು ಶಾರ್ಪನರ್, ಎರಡು ಕೈವಾರ ಇರುವ ಕಡದ ಡಬ್ಬಿಯೊಂದನ್ನು ನಿಮ್ಮ ಮೇಜಿನ ಮೇಲಿಡಿ, ಕೇಳಿ ಒಯ್ಯಲಿ, ಅವಧಿ ಮುಗಿದ ಮೇಲೆ ಮರಳಿಸಲಿ. ಪಕ್ಕದಲ್ಲಿ ಸಿಕ್ಕಿದ ವಸ್ತುಗಳ ಡಬ್ಬಿ ಇನ್ನೊಂದು. ಎಲ್ಲರ ಮುಂದೆ ಚೀಲ ತಪಾಸಣೆ ಮಾಡುವ ರೂಢಿ ಇದ್ದರೆ ಅದನ್ನು ಇಂದೇ ನಿಲ್ಲಿಸಿ.

ಫಲ ಸಿಕ್ಕಿತೋ ಇಲ್ಲವೋ ಎಂದು ಅಳೆಯಲೂ ಈ ಡಬ್ಬಿಗಳೇ ಆಧಾರ. ವಾರಕ್ಕೊಮ್ಮೆ ಎಷ್ಟು ವಸ್ತು ಬಂದವು, ಎಷ್ಟು ಒಡೆಯರಿಗೆ ಸೇರಿದವು ಎಂದು ಬರೆದಿಡಿ, ಮಕ್ಕಳ ಹೆಸರು ಬರೆಯಬೇಡಿ. ಮೊದಲ ಹದಿನೈದು ದಿನ ಲೆಕ್ಕ ಏರುತ್ತದೆ; ಕಳವು ಹೆಚ್ಚಾಯಿತೆಂದು ಗಾಬರಿ ಬೇಡ, ಮುಂಚೆ ಮೂಲೆಯಲ್ಲಿ ಬಿದ್ದಿರುತ್ತಿದ್ದದ್ದು ಈಗ ಡಬ್ಬಿಗೆ ಬರುತ್ತಿದೆ. ಮರಳಿಸಿದವರಿಗೆ ಬಹುಮಾನ, ನಕ್ಷತ್ರ, ಚಪ್ಪಾಳೆ ಇಟ್ಟರೆ ವಾರದೊಳಗೆ ಮಕ್ಕಳು ತಮ್ಮದೇ ಪೆನ್ಸಿಲನ್ನು ‘ಸಿಕ್ತ್ರಿ ಟೀಚರ್’ ಎಂದು ತಂದುಕೊಡುತ್ತಾರೆ. ‘ಚಲೋ ಮಾಡಿದಿ’ ಎಂದು ಮೆಲ್ಲಗೆ ಹೇಳಿ, ಅಷ್ಟೇ. ಪರೀಕ್ಷೆಯ ಅಂಕವೂ ಬೇಡ, ಅಂಕಕ್ಕೆ ಬರುವುದು ಮತ್ತೆ ಪುಸ್ತಕದ ಉತ್ತರವೇ. ಇನ್ನೊಂದು ಲೆಕ್ಕ: ಕತೆ ನಿಲ್ಲಿಸಿದಾಗ ಎಷ್ಟು ಬಗೆಯ ಉತ್ತರ ಬಂದವು? ಮೊದಲ ವಾರ ಒಂದೇ ಇದ್ದದ್ದು ಮೂರನೇ ತಿಂಗಳಿಗೆ ನಾಲ್ಕೈದಾಗಿದ್ದರೆ ಮಕ್ಕಳು ನಿಮ್ಮ ಮುಖ ನೋಡುವುದು ಬಿಟ್ಟು ಕತೆ ನೋಡಲು ಶುರು ಮಾಡಿದ್ದಾರೆ.

ನಲಿಕಲಿ ಮಕ್ಕಳನ್ನು, ಅಂದರೆ ಒಂದರಿಂದ ಮೂರನೇ ತರಗತಿಯವರನ್ನು, ಈ ಗುಂಪಿಗೆ ಸೇರಿಸಬೇಡಿ. ಅವರಿಗೆ ಮೂರು ನಿಮಿಷದ, ಜಗಳವೇ ಇಲ್ಲದ, ಒಳ್ಳೆಯ ಕೆಲಸವನ್ನಷ್ಟೇ ತೋರಿಸುವ ತುಣುಕು ಸಾಕು. ವಿಡಿಯೊ ಹುಡುಕುವ ಹೊರೆಯನ್ನು ನೀವೊಬ್ಬರೇ ಹೊರಬೇಕಿಲ್ಲ. ಸುತ್ತಲಿನ ಶಾಲೆಗಳ ಕ್ಲಸ್ಟರ್ ಸಭೆಯಲ್ಲಿ ಐದಾರು ಶಾಲೆಯವರು ತಲಾ ಎರಡು ತುಣುಕು ಹಂಚಿಕೊಂಡರೆ ವರ್ಷದ ಹನ್ನೆರಡು ಸಿಕ್ಕಂತೆಯೇ. ಪ್ರತಿಯೊಂದಕ್ಕೂ ಒಂದು ಹಾಳೆ ಮಾಡಿ: ಎಷ್ಟು ನಿಮಿಷ, ಎಲ್ಲಿ ನಿಲ್ಲಿಸಬೇಕು, ಕೇಳಿದ ಮೂರು ಪ್ರಶ್ನೆ, ಮತ್ತು ಯಾವ ತರಗತಿಯಲ್ಲಿ ಏನು ಕೆಟ್ಟಿತು.